ನಲವತ್ತು ತೂತಿನ ಹಬ್ಬು

ಅವ್ವ ಹೋದ ಮೇಲೆ ಅಪ್ಪನನ್ನು ಪುಣೆಗೆ ಕರೆದುಕೊಂಡು ಬಂದೆ. ನವಲಗುಂದದ ಹತ್ತಿರದ ನಮ್ಮೂರ ಮನೆ ಖಾಲಿ ಮಾಡುವಾಗ ಪ್ರತಿ ಸಾಮಾನಿಗೂ ‘ಯಾರಿಗರ ಕೊಟ್ಟಬಿಡು’ ಅನ್ನುತ್ತಿದ್ದ ಅಪ್ಪ, ಸೈಕಲ್ಲಿನ ಹತ್ತಿರ ಬಂದಾಗ ಮಾತ್ರ ಸುಮ್ಮನಾದರು. ಹಾಗಾಗಿ ಅದೂ ನಮ್ಮ ಜೊತೆ ಕೋಥ್ರೂಡಿನ ಫ್ಲ್ಯಾಟಿಗೆ ಬಂತು.

ಅದು 1974ರಲ್ಲಿ ಕೊಂಡ ಹರ್ಕ್ಯುಲಿಸ್. ರಾಡ್ ಬ್ರೇಕು, 28 ಇಂಚಿನ ಗಾಲಿ. ಫ್ರೇಮು, ರಿಮ್ಮು ಗಟ್ಟಿಯಾಗಿಯೇ ಇದ್ದವು. ಹಿಂದಿನ ಗಾಲಿ ತಿರುಗಿಸಿದರೆ ಮಾತ್ರ ಬೀಸುವ ಕಲ್ಲಿನ ಸಪ್ಪಳ. ಒಂದು ಶನಿವಾರ ಅದನ್ನು ನೂಕಿಕೊಂಡು ಪೇಟೆಯೊಳಗಿನ ಒಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ಕಾಕಾ ಹಬ್ಬು ಬಿಚ್ಚಿದರು, ಒಳಗೆ ಒಣಗಿ ಅಂಟಿಕೊಂಡಿದ್ದ ಗ್ರೀಸನ್ನು ಎರಡು ಬೆರಳಿನ ನಡುವೆ ಉಜ್ಜಿ ನನ್ನ ಮುಂದೆ ಹಿಡಿದರು. ‘ವಾಳೂ’ ಅಂದರು. ಉಸುಕು.

ಆ ಉಸುಕು ಎಲ್ಲಿಯದು ಅಂತ ನನಗೆ ಗೊತ್ತಿತ್ತು. 1995ರ ಮಳೆಗಾಲ, ನಾನು ಪಿಯುಸಿ. ಸೈಕಲ್ಲನ್ನು ಬೆಣ್ಣಿಹಳ್ಳಕ್ಕೆ ಇಳಿಸಬೇಡ ಅಂತ ಅಪ್ಪ ಹೇಳಿ ಕೊಟ್ಟಿದ್ದರು. ಗೆಳೆಯರ ಜೊತೆ ಇಳಿಸಿದೆ. ಗಾಲಿಯ ನಡುಮಟ್ಟದ ತನಕ ನೀರಿನಲ್ಲಿ ನೂಕಿದೆ. ದಂಡೆಗೆ ಬಂದು ಚೊಕ್ಕ ಒರೆಸಿ ಮನೆಯಲ್ಲಿ ನಿಲ್ಲಿಸಿದೆ, ಬಾಯಿ ಬಿಡಲಿಲ್ಲ. ಅಪ್ಪ ಅದೇ ಗಾಲಿಯ ಮೇಲೆ ಮತ್ತೆ ವರ್ಷಗಟ್ಟಲೆ ಓಡಾಡಿದರು.

ಹಬ್ಬಿನೊಳಗೆ ಆಚೆಗೊಂದು ಈಚೆಗೊಂದು ಬಟ್ಟಲು, ಎರಡು ಕೋನು, ನಡುವೆ ಕಾಲು ಇಂಚಿನ ಗುಂಡುಗಳು, ಬದಿಗೆ ಒಂಬತ್ತರಂತೆ. ಕೋನು ಸವೆದರೆ ಚಿಂತೆಯಿಲ್ಲ, ಹೊಸದು ಹಾಕಬಹುದು. ಬಟ್ಟಲು ಹಬ್ಬಿಗೇ ಒತ್ತಿ ಕೂರಿಸಿದ್ದು. ಅದರಲ್ಲಿ ಗುಂಡಿ ಬಿದ್ದರೆ ಹಬ್ಬನ್ನೇ ಬದಲಿಸಬೇಕು, ಅಂದರೆ ಅಷ್ಟೂ ಕಡ್ಡಿ ಬಿಚ್ಚಿ ಗಾಲಿಯನ್ನು ಹೊಸದಾಗಿ ಕಟ್ಟಬೇಕು. ನಮ್ಮದರಲ್ಲಿ ಬಟ್ಟಲೇ ಹೋಗಿತ್ತು.

ಆಫೀಸಿನಲ್ಲಿ ಮಾಡುವ ಹಾಗೆ ಎಕ್ಸೆಲ್ ಶೀಟ್ ಮಾಡಿದೆ: ಬೆಲೆ, ತೂಕ, ಬೇರಿಂಗ್. ಎಲ್ಲಕ್ಕಿಂತ ಹೆಚ್ಚು ಅಂಕ ಬಂದ ಅಲ್ಯೂಮಿನಿಯಂ ಹಬ್ಬೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಕಾಕಾ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ತೂತು ಎಣಿಸು ಅಂದರು. 36. ನಮ್ಮ ರಿಮ್ಮಿಗೆ 40. ಇಂಗ್ಲಿಷ್ ಮಾದರಿಯ ಈ ಸೈಕಲ್ಲುಗಳಿಗೆ ಮುಂದೆ 32 ಕಡ್ಡಿ, ಭಾರ ಹೆಚ್ಚು ಬೀಳುವ ಹಿಂದಿನ ಗಾಲಿಗೆ 40. ಅಗಲವೂ ಕೂಡಲಿಲ್ಲ. ಫ್ರೇಮಿನ ಸಂದು ಸುಮಾರು 110 ಮಿಲಿಮೀಟರ್, ಹಬ್ಬು 135. ಎಂಟೆಕ್‌ನಲ್ಲಿ ಗುಂಡು ಮತ್ತು ಬಟ್ಟಲಿನ ಸಂಪರ್ಕ ಒತ್ತಡಕ್ಕೆ ಹರ್ಟ್ಸ್ ಸೂತ್ರ ಬಿಡಿಸಿದವನು ತೂತು ಎಣಿಸುವುದನ್ನು ಮರೆತಿದ್ದೆ.

ಆಮೇಲೆ ಅಂಗಡಿಯಿಂದ 40 ತೂತಿನದೇ ಹೊಸ ಹಬ್ಬು ತಂದೆ. ಹಾಲಿನವರ ಸೈಕಲ್ಲುಗಳಿರುವ ತನಕ ಅದು ಸಿಗುತ್ತದೆ. ಹೊರಗೆ ಥಳಥಳ ಕ್ರೋಮು. ಆದರೆ ಕೋನು ಬಿಗಿ ಮಾಡಿದರೆ ಎಕ್ಸೆಲ್ಲು ಅರ್ಧ ಸುತ್ತು ಸಲೀಸು, ಇನ್ನರ್ಧ ತಡೆ. ಬಟ್ಟಲು ಸರಿಯಾಗಿ ದುಂಡಗಿರಲಿಲ್ಲ. ಸಾಕು, ಇದನ್ನೇ ಹಾಕಿ ಅನ್ನಬಹುದಿತ್ತು. ಆ ಉಸುಕು ಅನ್ನಗೊಡಲಿಲ್ಲ.

ಕಾಕಾ ಜುನಾ ಬಜಾರಿಗೆ ಹೋಗು ಅಂದರು. ಅಲ್ಲಿ ಬುಧವಾರ ಮತ್ತು ಭಾನುವಾರ ಸಂತೆ. ಏನು ನೋಡಬೇಕು ಅನ್ನುವುದನ್ನೂ ಹೇಳಿಕೊಟ್ಟರು. ಹೊರಗಿನ ತುಕ್ಕು ನೋಡಬೇಡ. ಕೋನು ಬಿಚ್ಚಿ ಬಟ್ಟಲನ್ನು ಬಟ್ಟೆಯಿಂದ ಒರೆಸು. ಗುಂಡು ಓಡಿದ ದಾರಿ ಒಂದೇ ಸಮನೆ ಹೊಳೆಯುವ ಗೆರೆಯಾಗಿದ್ದರೆ ತಗೋ. ಉಗುರು ಆಡಿಸಿದಾಗ ಎಲ್ಲಾದರೂ ತಡೆದರೆ ಬಿಡು. ಕಡ್ಡಿಯ ತೂತು ಉದ್ದಕ್ಕೆ ಎಳೆದುಕೊಂಡಿದ್ದರೂ ಬಿಡು.

ನಾಲ್ಕು ಭಾನುವಾರ ಅಲೆದೆ. ನಾಲ್ಕನೆಯದರಲ್ಲಿ, ಹಳೆಯ ನಲ್ಲಿ, ಬೀಗಗಳ ರಾಶಿಯಲ್ಲಿ ಎಣ್ಣೆ ಬಿಡುವ ಕಿಂಡಿಗೆ ಇನ್ನೂ ಸ್ಪ್ರಿಂಗಿನ ಮುಚ್ಚಳ ಇದ್ದ ಹಬ್ಬೊಂದು ಸಿಕ್ಕಿತು. ತುಕ್ಕು ಹಿಡಿದು ಕಂದಾಗಿತ್ತು. ಒಳಗೆ ಗೆರೆ ಕನ್ನಡಿಯಂತೆ. ತೂತು ಎರಡು ಸಲ ಎಣಿಸಿದೆ. ಮುನ್ನೂರು ಅಂದವನು ಇನ್ನೂರಕ್ಕೆ ಕೊಟ್ಟ.

ಕಾಕಾ ಹೊಸ ಕೋನು, ಹೊಸ ಗುಂಡು, ಹೊಸ ಕಡ್ಡಿ ಹಾಕಿ ಗಾಲಿ ಕಟ್ಟಿದರು. ಔಟ್ ತೆಗೆದ ಮೇಲೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಿಂದ ಮೀಟಿ ಕಿವಿಗೊಟ್ಟು ಕೇಳಿದರು.

ಸಂಜೆ ಬಾಲ್ಕನಿಯಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದೆ. ಅಪ್ಪ ಬಂದು ಗಾಲಿ ತಿರುಗಿಸಿದರು. ಸಪ್ಪಳವಿಲ್ಲ. ಆಗ ಹೇಳಿಬಿಟ್ಟೆ, ಬೆಣ್ಣಿಹಳ್ಳದ್ದು, ಎಲ್ಲಾ.

‘ಗೊತ್ತೈತಿ,’ ಅಂದರು ಅಪ್ಪ. ‘ಮರುದಿನ ಎಣ್ಣಿ ಬಿಟ್ಟಾಗ ಉಸುಕು ಹೊರಗ ಬಂತು. ನಮ್ಮದು ಎರಿ ಹೊಲದ ಊರು. ಅಲ್ಲಿ ಉಸುಕು ಎಲ್ಲಿಂದ ಬರ್ತೈತೋ?’

‘ಮತ್ತ ಯಾಕ ಬೈಲಿಲ್ಲ?’

‘ಇವತ್ತಿಲ್ಲಾ ನಾಳೆ ನೀನ ಹೇಳ್ತಿ ಅಂತ ಬಿಟ್ಟಿದ್ದೆ.’

ಮೂವತ್ತು ವರ್ಷ. ನನ್ನ ಕೈಯಲ್ಲಿ ಯಾವ ಪ್ರಾಜೆಕ್ಟೂ ಇಷ್ಟು ತಡವಾದದ್ದಿಲ್ಲ.

ಈಗ ಅಪ್ಪ ಸೈಕಲ್ ಹತ್ತುವುದಿಲ್ಲ, ಮೊಣಕಾಲು ಬಿಡುವುದಿಲ್ಲ. ಬೆಳಿಗ್ಗೆ ಹಾಲು ತರಲು ಹೋಗುವಾಗ ಹ್ಯಾಂಡಲ್ ಹಿಡಿದು ನೂಕಿಕೊಂಡು ಹೋಗುತ್ತಾರೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಎಣ್ಣೆ ಬಿಡುವ ಕೆಲಸ ನನ್ನದು. ಬಿಟ್ಟೆನೋ ಇಲ್ಲವೋ ಅಂತ ಅವರು ಕೇಳುವುದಿಲ್ಲ. ನಾನೇ ಹೋಗಿ ಹೇಳುತ್ತೇನೆ.