ಮೆದುಳಿನ ಧಮನಿಗೆ ಜಾಲರಿ

ಕಾಲುವೆಯಲ್ಲಿ ಹೂಳು ತುಂಬಿದರೆ ತೋಡಿ ತೆಗೆಯಬೇಕೆಂಬುದು ಒಕ್ಕಲುಮಗನಿಗೂ ತಿಳಿದ ಮಾತು. ಹೃದಯದ ಧಮನಿಗಳ ವಿಷಯದಲ್ಲಿ ವೈದ್ಯರು ಇದೇ ತರ್ಕವನ್ನು ಹಿಡಿದು, ಇಕ್ಕಟ್ಟಾದ ನಾಳದೊಳಗೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನಿರಿಸಿ ಯಶಸ್ಸು ಪಡೆದರು. ಹೃದಯಕ್ಕೆ ಒಗ್ಗಿದುದು ಮೆದುಳಿಗೆ ಒಗ್ಗದಿದ್ದೀತೆ? ಪ್ರಶ್ನೆ ಸಹಜವಾದುದೇ.

ಆದರೆ ತಲೆಬುರುಡೆಯೊಳಗಿನ ಧಮನಿಗಳ ಪ್ರಕೃತಿಯೇ ಬೇರೆ. ಗೋಡೆ ತೆಳು, ಹಾದಿ ಡೊಂಕು. ಇದಕ್ಕೂ ಮಿಗಿಲಾಗಿ, ಅವುಗಳ ಒಡಲಿನಿಂದ ಕೂದಲೆಳೆಯಂತಹ ಕಿರುನಾಳಗಳು ಹೊರಟು ಮೆದುಳಿನ ಆಳಕ್ಕಿಳಿಯುತ್ತವೆ. ಜಾಲರಿಯನ್ನು ಅರಳಿಸಿದಾಗ ಗೋಡೆಗಂಟಿದ ಜಿಡ್ಡು ಪಕ್ಕಕ್ಕೆ ಸರಿದು ಈ ಕಿರುನಾಳಗಳ ಬಾಯನ್ನೇ ಮುಚ್ಚಬಹುದು. ರಾಜಬೀದಿ ತೆರೆಯಿತು, ಓಣಿಗಳು ಮುಚ್ಚಿದವು! ಮೆದುಳಿನ ಕಾಂಡಕ್ಕೆ ರಕ್ತವೀಯುವ ಬೇಸಿಲಾರ್ ಧಮನಿಯಲ್ಲಿ ಈ ಭಯ ಹೆಚ್ಚು. ತೂರಿಸಿದ ತಂತಿಯ ತುದಿ ನಾಳವನ್ನು ಚುಚ್ಚಿದರೆ ರಕ್ತಸ್ರಾವ. ಬಹುಕಾಲ ಸೊರಗಿದ್ದ ಭಾಗಕ್ಕೆ ರಕ್ತವು ಒಮ್ಮೆಲೇ ನುಗ್ಗಿದರೂ ರಕ್ತಸ್ರಾವ. ಯಾವ ಪಾರ್ಶ್ವವಾಯುವನ್ನು ತಡೆಯಲು ಹೊರಟರೋ ಅದೇ ಮೇಜಿನ ಮೇಲೆ ಎದುರಾಗುತ್ತದೆ.

ಅಮೆರಿಕದಲ್ಲಿ ವಿಂಗ್‌ಸ್ಪ್ಯಾನ್ ಎಂಬ ಸ್ಟೆಂಟಿಗೆ 2005ರಲ್ಲಿ ಪರಿಮಿತ ಅನುಮತಿ ದೊರೆತಿತ್ತು. ಅದನ್ನು ಒರೆಗೆ ಹಚ್ಚಲು 2008ರಲ್ಲಿ ಸ್ಯಾಂಪ್ರಿಸ್ ಎಂಬ ಪರೀಕ್ಷೆ ಮೊದಲಾಯಿತು. ಸೇರಿದವರು 451 ಮಂದಿ. ಎಲ್ಲರ ಧಮನಿಯೂ ನೂರಕ್ಕೆ 70ರಿಂದ 99ರಷ್ಟು ಕಿರಿದಾದುದು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ರಕ್ತದೊತ್ತಡ ಹಾಗೂ ಕೊಬ್ಬಿನ ಹತೋಟಿ ಎಲ್ಲರಿಗೂ ಉಂಟು. ಸುಮಾರು ಅರ್ಧದಷ್ಟು ಮಂದಿಗೆ ಮೇಲಾಗಿ ಜಾಲರಿ. 2011ರ ಏಪ್ರಿಲ್‌ನಲ್ಲಿ ರೋಗಿಗಳ ಸೇರ್ಪಡೆಯನ್ನೇ ನಿಲ್ಲಿಸಬೇಕಾಯಿತು. ಮೂವತ್ತು ದಿನಗಳೊಳಗೆ ಪಾರ್ಶ್ವವಾಯು ಅಥವಾ ಮರಣವನ್ನು ಕಂಡವರು ಜಾಲರಿಯ ಪಕ್ಷದಲ್ಲಿ ನೂರಕ್ಕೆ 14.7, ಬರಿಯ ಔಷಧದ ಪಕ್ಷದಲ್ಲಿ 5.8. ಜಾಲರಿಯವರಿಗೆ ಬಡಿದ 33 ಆಘಾತಗಳಲ್ಲಿ ಹತ್ತು ರಕ್ತಸ್ರಾವದವು. ಔಷಧದವರ 12ರಲ್ಲಿ ಅಂಥದು ಒಂದೂ ಇಲ್ಲ.

ಬೇನೆಯನ್ನು ವಾಯುವಿನ ಮೇಲೆ ಹೊರಿಸಿ ಹೆಸರಿಟ್ಟ ಹಿಂದಿನವರನ್ನು ಕಂಡು ನಗುವವರುಂಟು. ನಾಳವನ್ನು ಪರದೆಯ ಮೇಲೆ ಕಣ್ಣಾರೆ ಕಂಡವರ ಎಣಿಕೆಯೂ ತಪ್ಪಿತಲ್ಲ! ಆದರೂ ಈ ಪರೀಕ್ಷಕರು ತಮಗೆ ಪ್ರತಿಕೂಲವಾದ ಫಲವನ್ನು ಅದೇ ವರ್ಷ ಪ್ರಕಟಿಸಿದರು. ಅದು ಸಣ್ಣ ಮಾತಲ್ಲ.

2012ರಲ್ಲಿ ಅಲ್ಲಿಯ ಸರ್ಕಾರ ಈ ಸ್ಟೆಂಟಿನ ಬಳಕೆಯನ್ನು ಬಿಗಿಗೊಳಿಸಿತು: ಔಷಧೋಪಚಾರ ಬಲವಾಗಿ ನಡೆದಿದ್ದೂ ಎರಡು ಬಾರಿಯಾದರೂ ಪಾರ್ಶ್ವವಾಯು ಬಡಿದಿರಬೇಕು, ಕೊನೆಯದು ಸಂಭವಿಸಿ ಏಳು ದಿನ ಮೀರಿರಬೇಕು. ಈ ಕಟ್ಟಳೆಗೊಳಪಟ್ಟ 152 ಮಂದಿಯ ಮೇಲೆ ನುರಿತ ಕೈಗಳು ನಡೆಸಿದ ವೀವ್ ಎಂಬ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲ 72 ಗಂಟೆಗಳ ಅನಾಹುತ ಅದರಲ್ಲಿ ನೂರಕ್ಕೆ 2.6. ಎದುರಿಗೆ ಹೋಲಿಸಲು ಔಷಧದ ಪಕ್ಷವೊಂದು ಆ ಅಧ್ಯಯನದಲ್ಲಿರಲಿಲ್ಲ.