ಅಜ್ಜನ ಪದ್ಮಿನಿ, ಭಾಗ 3: ಆಯಿಲ್ ಸೋರೋದು ಎಲ್ಲಿಂದ?

ಅಜ್ಜನ ಪ್ರೀಮಿಯರ್ ಪದ್ಮಿನಿ ನಿಲ್ಲೋ ಜಾಗದಲ್ಲಿ ಅಂಗೈಯಗಲ ಆಯಿಲ್ ಕಲೆ. 1089 ಸಿಸಿ ಇಂಜಿನ್. ಅಜ್ಜ ಹೋದ ಮೇಲೆ ಯಾರೂ ಬಾನೆಟ್ ಎತ್ತಿರಲಿಲ್ಲ. "ಈ ತಿಂಗಳು ಸರಿ ಹೋಗದಿದ್ರೆ ಗುಜರಿಗೆ" ಅಂದ್ರು ಅಪ್ಪ.

ಕೆಳಗೆ ಸಂಪ್ ಒದ್ದೆ ಇತ್ತು. ಅಲ್ಲೇ ಲೀಕು ಅಂದ್ಕೊಂಡು ಬೋಲ್ಟೆಲ್ಲ ಬಿಗಿದೆ. ಕಾರ್ಕ್ ಪ್ಯಾಕಿಂಗ್ ಹಿಂಡಿ ಹೋಯ್ತು. ಒಂದು ಲೀಕು ಎರಡಾಯ್ತು!

ಗ್ಯಾರೇಜಿನ ಚಾಚಾ ನಕ್ಕರು. "ಆಯಿಲ್ ಮೇಲಿಂದ ಇಳಿಯತ್ತೆ ಮಗಾ. ಮೊದಲು ಪೂರ್ತಿ ಒರೆಸು, ಆಮೇಲೆ ಓಡಿಸಿ ನೋಡು."

ಒರೆಸಿ, ಒಣಗಿಸಿ, ಇಂಜಿನ್ ಓಡಿಸಿ, ಟಾರ್ಚ್ ಬಿಟ್ಟೆ. ಟ್ಯಾಪೆಟ್ ಕವರ್ ಅಂಚಿಂದ ಸಣ್ಣ ಗೆರೆ ಇಳೀತಿತ್ತು. ಟ್ರಯಲ್ ಬ್ಯಾಲೆನ್ಸ್ ಥರಾನೇ ಫ್ರೆಂಡ್ಸ್: ವ್ಯತ್ಯಾಸ ಕಾಣೋದು ಕೊನೇ ಸಾಲಲ್ಲಿ, ತಪ್ಪು ಇರೋದು ಮೇಲೆಲ್ಲೋ.

ಹಳೇ ಪ್ಯಾಕಿಂಗ್ ಕಲ್ಲಾಗಿತ್ತು. ಕೆರೆದು ತೆಗೆದು ಹೊಸದು ಕೂರಿಸಿ, ಸ್ವಲ್ಪ ಸ್ವಲ್ಪಾನೇ ಬಿಗಿದೆ. ಬ್ರೀದರ್ ಪೈಪೂ ತೊಳೆದೆ. ಅದು ಕಟ್ಟಿಕೊಂಡ್ರೆ ಒಳಗಿನ ಒತ್ತಡವೇ ಆಯಿಲನ್ನ ಹೊರಗೆ ತಳ್ಳತ್ತೆ.

ಇವತ್ತು ಬೆಳಿಗ್ಗೆ ಕೆಳಗೆ ಹಾಸಿದ್ದ ಪೇಪರಲ್ಲಿ ಎರಡೇ ಹನಿ. ಅವು ನಾನು ಕೆಡಿಸಿದ ಸಂಪಿನದು. ಅಪ್ಪ ಬಗ್ಗಿ ನೋಡಿದ್ರು. ಗುಜರಿ ಮಾತು ಬರಲಿಲ್ಲ. ಹೊಸ ಪೇಪರ್ ತಂದು ಹಾಸಿದ್ರು.

ಮುಂದಿನ ಭಾಗದಲ್ಲಿ ಸಂಪ್ ಬಿಚ್ತೀನಿ.