ಹೊಗೆಯನ್ನು ಸವಿಯುವ ಊರು

ನ್ಯೂರೆಂಬರ್ಗ್ ನಗರದಿಂದ ಉತ್ತರಕ್ಕೆ ಹೊರಟ ರೈಲು ಒಂದು ಗಂಟೆಯೊಳಗಾಗಿ ಬಾಂಬರ್ಗ್ ಪಟ್ಟಣವನ್ನು ಸೇರುತ್ತದೆ. ಜರ್ಮನಿಯ ಬವೇರಿಯಾ ರಾಜ್ಯದ ಉತ್ತರ ಭಾಗಕ್ಕೆ ಫ್ರಾಂಕೋನಿಯಾ ಸೀಮೆಯೆಂದು ಹೆಸರು. ಆ ಸೀಮೆಯಲ್ಲಿ, ರೆಗ್ನಿಟ್ಸ್ ನದಿಯ ಕವಲುಗಳ ನಡುವೆ, ಏಳು ಗುಡ್ಡಗಳನ್ನು ಬೆನ್ನಿಗಿಟ್ಟುಕೊಂಡು ಈ ಊರು ಕುಳಿತಿದೆ. ಗುಡ್ಡಗಳ ಸಂಖ್ಯೆಯಿಂದಾಗಿ ಇದಕ್ಕೆ ‘ಫ್ರಾಂಕೋನಿಯಾದ ರೋಮ್’ ಎಂಬ ಬಿರುದೂ ಉಂಟು. 1007ರಲ್ಲಿ ದೊರೆ ಎರಡನೆಯ ಹೈನ್‌ರಿಷ್ ಇಲ್ಲಿ ಧರ್ಮಪೀಠವೊಂದನ್ನು ಸ್ಥಾಪಿಸಿದನು. ಅಂದು ನೆಲೆಗೊಂಡ ಬಿಷಪ್ಪರ ಆಳ್ವಿಕೆ ಸುಮಾರು ಎಂಟು ನೂರು ವರ್ಷ ನಡೆಯಿತು. ತತ್ತ್ವಜ್ಞಾನಿ ಹೆಗೆಲ್ 1807–08ರಲ್ಲಿ ಇಲ್ಲಿಯ ಪತ್ರಿಕೆಯೊಂದರ ಸಂಪಾದಕನಾಗಿದ್ದನು. 1993ರಲ್ಲಿ ಊರಿನ ಹಳೆಯ ಭಾಗವನ್ನು ಯುನೆಸ್ಕೋ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನದಿಯ ನಟ್ಟನಡುವೆ, ಸೇತುವೆಯ ಮೇಲೆ, ಚಿತ್ರಮಯವಾದ ಗೋಡೆಗಳ ಹಳೆಯ ಪುರಭವನವೊಂದಿದೆ. ಭವನ ಕಟ್ಟಲು ಬಿಷಪ್ಪನು ಒಂದು ಅಂಗುಲ ನೆಲವನ್ನೂ ಕೊಡಲಿಲ್ಲವಂತೆ. ಹಠ ತೊಟ್ಟ ಪುರಜನರು ಹೊಳೆಯಲ್ಲಿ ಮರದ ಕಂಬಗಳನ್ನು ನೆಟ್ಟು, ನೀರಿನ ಮೇಲೆಯೇ ನೆಲವನ್ನು ಸೃಷ್ಟಿಸಿಕೊಂಡರಂತೆ. ಇದು ಐತಿಹ್ಯ. ಆದರೆ ಬಾಂಬರ್ಗಿನ ಜನರ ಹಠದ ಸ್ವಭಾವಕ್ಕೆ ಈ ಕಥೆ ಚೆನ್ನಾಗಿ ಒಪ್ಪುತ್ತದೆ. ಆ ಹಠದ ಇನ್ನೊಂದು ಮುಖ ಸೇತುವೆ ದಾಟಿದ ಮೇಲೆ ಸಿಗುವ ಓಣಿಗಳಲ್ಲಿದೆ.

ಅಲ್ಲಿ ಡೊಮಿನಿಕನ್ ಬೀದಿಯಲ್ಲಿ ಮರದ ತೊಲೆಗಳ ಹಳೆಯ ಮನೆಯೊಂದು. ಹೆಸರು ಶ್ಲೆಂಕರ್ಲಾ. 1405ರ ದಾಖಲೆಯಲ್ಲಿಯೇ ಈ ಮನೆಯ ಪ್ರಸ್ತಾಪವಿದೆ. ಹಿಂದೆ ಇದರ ಯಜಮಾನನಾಗಿದ್ದವನೊಬ್ಬ ಕೈಗಳನ್ನು ತೂಗಾಡಿಸುತ್ತ ವಿಚಿತ್ರವಾಗಿ ನಡೆಯುತ್ತಿದ್ದನಂತೆ. ಜನ ಇಟ್ಟ ಅಡ್ಡಹೆಸರೇ ಮನೆಗೆ ಉಳಿದುಕೊಂಡಿತು. ಒಳಗೆ ಕಪ್ಪಡರಿದ ತೊಲೆಗಳು, ಉಜ್ಜಿ ಉಜ್ಜಿ ಬಿಳುಪೇರಿದ ಮೇಜುಗಳು. ಮರದ ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಇಳಿಯುವ ಬೀರು ಕಾಫಿಯ ಡಿಕಾಕ್ಷನ್ನಿನಷ್ಟೇ ಕಪ್ಪು. ಹೊಸಬನು ಲೋಟವನ್ನು ತುಟಿಗೆ ತಂದೊಡನೆ ಅವಾಕ್ಕಾಗುತ್ತಾನೆ. ಅದರಲ್ಲಿ ಹೊಗೆಯ ವಾಸನೆ! ಮಲೆನಾಡಿನ ಹಳೆಯ ಮನೆಯಲ್ಲಿ, ಸೌದೆಯೊಲೆಯ ಮೇಲಿನ ಅಟ್ಟಕ್ಕೆ ತಲೆಯಿಟ್ಟಾಗ ಬರುವ ವಾಸನೆಯನ್ನು ನೆನೆದುಕೊಂಡರೆ ಓದುಗರಿಗೆ ಸ್ವಲ್ಪ ಅಂದಾಜಾದೀತು. ಮೊದಲ ಗುಟುಕಿಗೆ ಮುಖ ಸಿಂಡರಿಸದವರು ಅಪರೂಪ. ಎರಡನೆಯ ಲೋಟ ಮೊದಲನೆಯದಕ್ಕಿಂತ ಮೇಲು, ಮೂರನೆಯದು ಎರಡನೆಯದಕ್ಕಿಂತ ಮೇಲು ಎಂದು ಊರಿನವರು ನಗುತ್ತ ಸಮಾಧಾನ ಹೇಳುತ್ತಾರೆ.

ಈ ಹೊಗೆ ಬಂದುದೆಲ್ಲಿಂದ? ರಾಗಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡುವ ಕ್ರಮ ನಮ್ಮ ಮನೆಗಳಲ್ಲಿ ಹಳೆಯದು. ಬೀರಿಗೆ ಬಾರ್ಲಿಯೂ ಇದೇ ಹಾದಿಯನ್ನು ಹಿಡಿಯುತ್ತದೆ. ಮೊಳೆತ ಕಾಳನ್ನು ತಕ್ಕ ಸಮಯದಲ್ಲಿ ಒಣಗಿಸಿದರೆ ಮಾಲ್ಟ್ ಸಿದ್ಧ. ಹಿಂದಿನ ಕಾಲದಲ್ಲಿ ಬಿಸಿಲು ಸಾಲದ ಸೀಮೆಗಳಲ್ಲಿ ಸೌದೆಯ ಬೆಂಕಿಯೇ ಗತಿ. ಬೆಂಕಿಯ ಹೊಗೆ ಕಾಳಿನ ನಡುವೆ ನುಗ್ಗಿಯೇ ಮೇಲೇರಬೇಕು. ಆದ್ದರಿಂದ ಒಂದಾನೊಂದು ಕಾಲದಲ್ಲಿ ಯೂರೋಪಿನ ಬಹುಪಾಲು ಬೀರಿಗೆ ಅಷ್ಟಿಷ್ಟು ಹೊಗೆಯ ರುಚಿ ಇದ್ದೇ ಇತ್ತು. 17ನೆಯ ಶತಮಾನದಿಂದ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಕೆಗೆ ಬಂತು. ಮುಂದೆ ಬಿಸಿಗಾಳಿಯಿಂದ ಮಾತ್ರ ಒಣಗಿಸುವ ಯಂತ್ರಗಳು ಬಂದವು. ಹೊಗೆಯನ್ನು ದೋಷವೆಂದು ಎಣಿಸಿದ ಲೋಕ ಅದನ್ನು ಸಂತೋಷದಿಂದ ಬಿಟ್ಟುಕೊಟ್ಟಿತು. ಬಾಂಬರ್ಗಿನ ಎರಡು ಮನೆಗಳು ಮಾತ್ರ ಬಿಡಲಿಲ್ಲ. ಒಂದು ಶ್ಲೆಂಕರ್ಲಾ, ಮತ್ತೊಂದು, ನದಿಯಾಚೆ ಕೋನಿಗ್ ಬೀದಿಯಲ್ಲಿರುವ, 1536ರಷ್ಟು ಹಳೆಯದಾದ ಶ್ಪೆಟ್ಸಿಯಾಲ್. ಇಂದಿಗೂ ಇವೆರಡೂ ಬೀಚ್ ಮರದ ಸೌದೆಯನ್ನು ಉರಿಸಿ ತಮ್ಮ ಮಾಲ್ಟನ್ನು ತಾವೇ ಒಣಗಿಸಿಕೊಳ್ಳುತ್ತವೆ. ಶ್ಲೆಂಕರ್ಲಾದ ಹೊಗೆ ಗಡುಸು. ಶ್ಪೆಟ್ಸಿಯಾಲಿನದು ಜೇನುಬಣ್ಣದ ಬೀರಿನಲ್ಲಿ ಸುಳಿದು ಮರೆಯಾಗುವ ಮೃದುವಾದ ಹೊಗೆ.

ಬಾಂಬರ್ಗಿನ ಬಿಷಪ್ಪನು 1489ರಲ್ಲಿಯೇ ಬೀರಿಗೆ ಮಾಲ್ಟ್, ಹಾಪ್ ಹೂವು, ನೀರು ಇವಿಷ್ಟೇ ಸಲ್ಲುವುವೆಂದು ಕಟ್ಟಳೆ ಮಾಡಿದ್ದನು. ಪ್ರಖ್ಯಾತವಾದ ಬವೇರಿಯಾದ ಶುದ್ಧತೆಯ ಕಾನೂನು ಬಂದುದು ಅದಕ್ಕೆ 27 ವರ್ಷಗಳ ತರುವಾಯ, 1516ರಲ್ಲಿ. ಹೊಗೆಯಿಂದ ಈ ಕಟ್ಟಳೆಗೆ ಭಂಗವಿಲ್ಲ; ಅದು ಬೀರಿಗೆ ಹಾಕಿದ್ದಲ್ಲ, ಕಾಳಿನೊಡನೆ ಹುಟ್ಟಿಬಂದದ್ದು.

ಅನ್ನಕ್ಕೆ ಸಾರು ಇದ್ದಂತೆ ಈ ಬೀರಿಗೂ ಅದರದೇ ಊಟವುಂಟು. ಬಾಂಬರ್ಗಿನ ಕೈತೋಟಗಳ ಬೇಸಾಯ ಶತಮಾನಗಳಷ್ಟು ಹಳೆಯದು. ಇಲ್ಲಿಯ ತೋಟಗಾರರು ಕಾಲಿಗೆ ಹಲಗೆ ಕಟ್ಟಿಕೊಂಡು ನೀರುಳ್ಳಿಯ ಹಸುರು ದಂಟನ್ನು ತುಳಿಯುತ್ತಿದ್ದರು. ಸತ್ವವೆಲ್ಲ ಗೆಡ್ಡೆಗೆ ಇಳಿಯಲೆಂದು. ಆದ್ದರಿಂದ ಊರಿನವರಿಗೇ ‘ನೀರುಳ್ಳಿ ತುಳಿಯುವವರು’ ಎಂಬ ಹೆಸರು ಬಿತ್ತು. ದೊಡ್ಡ ನೀರುಳ್ಳಿಯ ತಿರುಳನ್ನು ತೆಗೆದು, ಹಂದಿಯ ಮಾಂಸದ ಹೂರಣವನ್ನು ತುಂಬಿ, ಬೇಯಿಸಿ, ಹೊಗೆಬೀರಿನಿಂದಲೇ ಮಾಡಿದ ಗೊಜ್ಜನ್ನು ಸುರಿದು, ಹಿಸುಕಿದ ಆಲೂಗಡ್ಡೆಯೊಡನೆ ಬಡಿಸುವುದು ಇಲ್ಲಿಯ ವಿಶೇಷ. ಬೆಂದ ನೀರುಳ್ಳಿಯ ಸಿಹಿ, ಮಾಂಸದ ಜಿಡ್ಡು, ಬೀರಿನ ಕಹಿ ಮತ್ತು ಹೊಗೆ — ಒಂದು ಮತ್ತೊಂದರ ಅತಿಯನ್ನು ತಿದ್ದುತ್ತದೆ. ಬರಿಯ ಗುಟುಕಿನಲ್ಲಿ ಒರಟೆನಿಸಿದ ಹೊಗೆ ತುತ್ತಿನೊಡನೆ ಒಗ್ಗರಣೆಯಂತೆ ಹಿತವಾಗುತ್ತದೆ.

ಮಾಂಸವನ್ನು ಮುಟ್ಟದವರೂ ಉಪವಾಸ ಬೀಳಬೇಕಾದುದಿಲ್ಲ. ಕೊಂಬಿನಂತೆ ಬಾಗಿದ ‘ಹ್ಯೋರ್ನ್ಲಾ’ ಎಂಬ ಪುಟ್ಟ ಆಲೂಗಡ್ಡೆ ಇಲ್ಲಿಯ ಸ್ವಂತ ತಳಿ. ಅದಕ್ಕೆ ಬಾದಾಮಿಯ ಛಾಯೆಯ ರುಚಿ. ಮೆತ್ತನೆಯ ಚೀಸಿಗೆ ಬೆಣ್ಣೆ, ನೀರುಳ್ಳಿ, ಕೆಂಪು ಪ್ಯಾಪ್ರಿಕಾ ಪುಡಿ ಬೆರೆಸಿ ಕಲಸಿದ ವ್ಯಂಜನವನ್ನು ರೈ ಧಾನ್ಯದ ಕಪ್ಪು ರೊಟ್ಟಿಯ ಮೇಲೆ ಹಚ್ಚಿಕೊಳ್ಳಬಹುದು. ಉಪ್ಪು ಸವರಿದ ಮೂಲಂಗಿಯ ಬಿಲ್ಲೆಗಳಿಗೆ ಹೊಗೆಬೀರಿಗಿಂತ ಕೇಸ್‌ಮನ್ ಮನೆಯ ತಿಳಿಬಣ್ಣದ ಪಿಲ್ಸ್ ಹೆಚ್ಚು ಹೊಂದುತ್ತದೆ.

ಬೇಸಗೆಯ ಸಂಜೆ ಊರು ಗುಡ್ಡವನ್ನೇರುತ್ತದೆ. ಶೀತಯಂತ್ರಗಳಿಲ್ಲದ ಕಾಲದಲ್ಲಿ ಗುಡ್ಡದ ಮರಳುಗಲ್ಲನ್ನು ಕೊರೆದು ಮಾಡಿದ ನೆಲಮಾಳಿಗೆಗಳಲ್ಲಿ ಬೀರನ್ನು ತಂಪಾಗಿ ಇಡುತ್ತಿದ್ದರು. ಮೇಲೆ ನೆರಳಿಗಾಗಿ ಮರಗಳನ್ನು ಬೆಳೆಸಿದರು. ಆ ಮರಗಳ ಕೆಳಗೆ ಬೆಂಚುಗಳು ಬಂದವು. ಆದ್ದರಿಂದ ಇಲ್ಲಿಯವರು ‘ಮಾಳಿಗೆಗೆ ಇಳಿಯುವುದಿಲ್ಲ’. ‘ಮಾಳಿಗೆಯ ಮೇಲಕ್ಕೆ’ ಹೋಗುತ್ತಾರೆ. ಬುತ್ತಿಯನ್ನು ಮನೆಯಿಂದ ತಂದು, ಪಾನೀಯವನ್ನು ಮಾತ್ರ ಕೊಳ್ಳುವ ಪದ್ಧತಿ ಬವೇರಿಯಾದ ಇಂಥ ತೋಟಗಳಲ್ಲಿ ಹಳೆಯದು. ಅಜ್ಜ, ಅಜ್ಜಿ, ಮಕ್ಕಳು, ನಾಯಿ — ಎಲ್ಲರೂ ಒಂದೇ ಮೇಜಿಗೆ. ಕುಡಿತದಿಂದ ಹಾಳಾದ ಮನೆಗಳನ್ನು ಕಂಡ ನಮ್ಮವರಿಗೆ ಈ ದೃಶ್ಯ ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಮದ್ಯದ ಕೇಡು ಜರ್ಮನಿಯಲ್ಲಿಯೂ ಇದೆ. ಆದರೆ ಇಲ್ಲಿ ಅದು ಪರದೆಯ ಹಿಂದಿನ ಗುಟ್ಟಲ್ಲ. ಊಟದ ಪಕ್ಕದಲ್ಲಿ, ಹಿರಿಯರ ಕಣ್ಣೆದುರಿನಲ್ಲಿ, ಅರ್ಧ ಲೀಟರಿನ ಲೋಟವೊಂದಕ್ಕೆ ಗಂಟೆ ಕಳೆಯುವ ಸಂಜೆ.

ಈ ಲೋಟದ ಮೇಲೆ ಜನರಿಗಿರುವ ಹಕ್ಕುದಾರಿಕೆಯನ್ನು 1907ರಲ್ಲಿ ಕಾರಖಾನೆಯವರು ಅರಿಯಬೇಕಾಯಿತು. ಆ ವರ್ಷದ ಶರತ್ಕಾಲದಲ್ಲಿ ಅರ್ಧ ಲೀಟರಿನ ಬೆಲೆಯನ್ನು 11 ಫೆನ್ನಿಗ್‌ನಿಂದ 12ಕ್ಕೆ ಏರಿಸಿದರು. ಒಂದೇ ಫೆನ್ನಿಗ್! ಆದರೆ ದಿನಗೂಲಿಯವನ ಲೆಕ್ಕದಲ್ಲಿ ಅದು ಅಲ್ಪವಲ್ಲ. ಊರಿಗೆ ಊರೇ ತನ್ನ ಬೀರನ್ನು ಬಹಿಷ್ಕರಿಸಿ, ಪಕ್ಕದ ಫೋರ್ಖ್‌ಹೈಮ್‌ನಿಂದ ಬೀರು ತರಿಸಿಕೊಂಡಿತು. ಕೆಲವೇ ದಿನಗಳಲ್ಲಿ ಕಾರಖಾನೆಯವರು ಹಳೆಯ ಬೆಲೆಗೆ ಮರಳಿದರು.

ಇಂದಿನ ಗಂಡಾಂತರ ಬೆಲೆಯದಲ್ಲ. 19ನೆಯ ಶತಮಾನದ ಆದಿಯಲ್ಲಿ ಅರವತ್ತಕ್ಕೂ ಹೆಚ್ಚು ಬೀರುಮನೆಗಳಿದ್ದ ಊರಿನಲ್ಲಿ ಈಗ ಉಳಿದವು ಹತ್ತರ ಆಸುಪಾಸು. ಮೈಸಲ್ ಎಂಬ ಮನೆ 2008ರಲ್ಲಿ ಬಾಗಿಲು ಮುಚ್ಚಿತು. ಜರ್ಮನರು ಬೀರು ಕುಡಿಯುವುದು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದೆ. ಅದು ಆರೋಗ್ಯಕ್ಕೆ ಒಳ್ಳೆಯದೇ ಇರಬಹುದು. ಆದರೆ ಉಳಿದ ಮನೆಗಳಲ್ಲಿ ಹೆಚ್ಚಿನವು ಒಂದೊಂದು ಕುಟುಂಬದ ಕೈಯಲ್ಲಿವೆ. ಮುಂದಿನ ತಲೆಮಾರು ಸೌದೆ ಸೀಳಲು ಒಪ್ಪದಿದ್ದರೆ ರುಚಿಯೊಂದು ಮರೆಯಾಗುತ್ತದೆ. ಪುಸ್ತಕ ನೋಡಿ ಅದನ್ನು ಮತ್ತೆ ಬರಿಸುವುದು ಸುಲಭವಲ್ಲ. ಒಂದು ಸಮಾಧಾನವುಂಟು: 1879ರಲ್ಲಿ ಇದೇ ಊರಿನಲ್ಲಿ ಪ್ರಾರಂಭವಾದ ವೈಯರ್‌ಮನ್ ಕಾರಖಾನೆ ಹೊಗೆಯಾಡಿಸಿದ ಮಾಲ್ಟನ್ನು ಹೊರದೇಶಗಳಿಗೂ ಕಳುಹಿಸುತ್ತಿದೆ. ಲೋಕ ದೋಷವೆಂದು ಕೈಬಿಟ್ಟದ್ದನ್ನು ಈಗ ದೂರದೂರುಗಳ ಪುಟ್ಟ ಬೀರುಮನೆಗಳು ಹಣ ಕೊಟ್ಟು ತರಿಸಿಕೊಳ್ಳುತ್ತಿವೆ.

ಗುಡ್ಡದ ಮೇಲೆ ಕತ್ತಲಾದಂತೆ ಕೆಳಗೆ ಕೆಥೆಡ್ರಲಿನ ನಾಲ್ಕು ಗೋಪುರಗಳಿಗೆ ದೀಪ ಹತ್ತುತ್ತದೆ. ತಾಯಂದಿರು ಬುತ್ತಿಯ ಬುಟ್ಟಿಗಳನ್ನು ಕಟ್ಟುತ್ತಾರೆ. ಶ್ಲೆಂಕರ್ಲಾದ ಮಾಲ್ಟ್ ಒಣಗುವುದು ಈ ಗುಡ್ಡದ ಮೇಲೆಯೇ. ಒಲೆ ಉರಿಯುವ ದಿನ ಬೀಚ್ ಸೌದೆಯ ವಾಸನೆ ಇಳಿಜಾರಿನ ಓಣಿಗಳಲ್ಲಿ ಮನೆಯವರೆಗೂ ಅವರ ಜೊತೆಗೂಡುತ್ತದೆ.